ಕಣ್ಣಿಲ್ಲದ್ದು ಬಂದ ಕಾರ್ತೀಕ

ಮಾವ ತೀರಿಕೊಂಡ ಒಂಬತ್ತನೇ ದಿನ ಕಾಗೆ ಎಡೆ ಮುಟ್ಟಲಿಲ್ಲ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ, ಕುರಿ ಕಾಯುತ್ತಲೇ ಅರವತ್ತು ದಾಟಿದವರು. ತೆಲಂಗಾಣದ ಗಡಿಯ ನಾರ್ವದಿಂದ ಸ್ವಲ್ಪ ಒಳಗೆ ಅವರ ಊರು, ಊರಿನ ಕಟ್ಟಕಡೆಯ ಮನೆ ಅವರದು. ಮನೆಯ ಹಿಂದೆ ಬಚ್ಚಲ ನೀರು ಹರಿದು ಬೆಳೆದ ಹುಲ್ಲು, ಹುಲ್ಲು ದಾಟಿದರೆ ನಮ್ಮ ಕುಲದೇವರು ಬೀರಪ್ಪನ ಬನ. ಹೊಂಗೆ, ಬೇವು, ಹುಣಸೆ, ನಡುನಡುವೆ ಈಚಲು. ಆ ಬನದಲ್ಲಿ ಯಾರೂ ಕೊಂಬೆ ಕಡಿಯುವುದಿಲ್ಲ, ಉದುರಿದ ಎಲೆಯನ್ನೂ ಗುಡಿಸುವುದಿಲ್ಲ, ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಾರೆ. ಶ್ರಾವಣದ ಒಂದು ಮಧ್ಯಾಹ್ನ ಮಾವ ಅಲ್ಲೊಂದು ಹೊಂಗೆ ಮರಕ್ಕೆ ಬೆನ್ನು ಕೊಟ್ಟು ಕೂತರು. ಕುರಿಗಳು ತಾವಾಗಿಯೇ ಮನೆಗೆ ಬಂದವು, ಅವರು ಬರಲಿಲ್ಲ. ಹೃದಯ ನಿಂತಿತ್ತು.

ಎಡೆಯನ್ನು ಅದೇ ಮರದ ಬುಡದಲ್ಲಿ ಇಟ್ಟಿದ್ದರು. ಜೋಳದ ರೊಟ್ಟಿ, ಅನ್ನ, ಕುರಿ ಬಾಡು, ಪಕ್ಕಕ್ಕೆ ಒಂದು ಲೋಟ ಸೇಂದಿ. ಈಚಲ ಮರದಿಂದ ಇಳಿಸುವ ಹೆಂಡಕ್ಕೆ ನಮ್ಮ ಕಡೆ ಸೇಂದಿ ಅನ್ನುತ್ತಾರೆ. ಮಾವನಿಗೆ ಅದು ಸಂಜೆಯ ನೇಮ. ಹುಣಸೆ ಮರದಲ್ಲಿ ಐದಾರು ಕಾಗೆ ಕೂತಿದ್ದವು. ನೋಡಿದವು, ಕತ್ತು ತಿರುಗಿಸಿದವು, ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಗಟ್ಟಿಯಾಗಿ ಮಾತು ಕೊಡಬೇಕು. ನನ್ನ ಅಪ್ಪ, ನಿನ್ನ ಕುರಿ ಮಾರುವುದಿಲ್ಲ ಅಂದ. ಮಾವನ ತಮ್ಮ, ಬೀರಪ್ಪನ ಕಟ್ಟೆ ಕಟ್ಟಿಸುತ್ತೇನೆ ಅಂದರು. ಕಾಗೆಗಳಿಗೆ ಯಾವುದೂ ಸಾಲಲಿಲ್ಲ. ಹೊತ್ತು ಇಳಿಯಿತು, ಮಕ್ಕಳು ಹಸಿವಿಗೆ ಅಳತೊಡಗಿದವು.

ಕೊನೆಗೆ ಅತ್ತೆ ಎದ್ದಳು. ಸೆರಗು ತಲೆ ಮೇಲೆ ಎಳೆದುಕೊಂಡು, ಮರಕ್ಕೆ ಹೇಳುವವಳ ಹಾಗೆ ಹೇಳಿದಳು: "ದಿನಾ ರಾತ್ರಿ ನೀವು ಉಂಡ ಮ್ಯಾಲೇ ನಾ ಉಣ್ತೀನ್ರಿ. ಇಷ್ಟ ವರ್ಷ ಹೆಂಗೋ ಹಂಗ. ಬೀರಪ್ಪನ ಆಣಿ."

ಆಗ ನೆಲದಿಂದ ಒಂದು ತರಗೆಲೆ ಎದ್ದಿತು.

ಗಾಳಿ ಇರಲಿಲ್ಲ. ಎಲೆ ತೂರಾಡುತ್ತ ಮೊಣಕಾಲೆತ್ತರಕ್ಕೆ ಬಂತು, ಎಡೆಯನ್ನು ಒಂದು ಸುತ್ತು ಹಾಕಿತು, ಸೇಂದಿ ಲೋಟದ ಅಂಚಿನ ಮೇಲೆ ಕೂತು ರೆಕ್ಕೆ ಮುಚ್ಚಿತು. ಪಾತರಗಿತ್ತಿ ಅದು. ಕಂದು ಬಣ್ಣ, ಮುಚ್ಚಿದ ರೆಕ್ಕೆಯ ಅಂಚಿನುದ್ದಕ್ಕೂ ಸಾಲಾಗಿ ಕಣ್ಣುಗಳು: ಹಳದಿ ಬಳೆ, ಒಳಗೆ ಕಪ್ಪು, ನಡುವೆ ಬಿಳಿ ಚುಕ್ಕೆ. ಕೂದಲಿನಂಥ ನಾಲಿಗೆ ಚಾಚಿ ಕುಡಿಯತೊಡಗಿತು. ಹಿರಿಯರೊಬ್ಬರು, "ಮುಟ್ಟಿತು, ಏಳ್ರಿ" ಅಂದರು. ಎಲ್ಲರೂ ಎದ್ದರು. ತೀರ್ಪು ಕೊಟ್ಟದ್ದು ನಲವತ್ತು ಜನರ ಹಸಿವು ಎಂದು ಹಿಂದೆ ನಿಂತಿದ್ದ ನಾನು ಅಂದುಕೊಂಡೆ. ಆದರೆ ಆ ಕಣ್ಣುಗಳಿಂದ ನನ್ನ ನೋಟ ಕೀಳಲು ಸ್ವಲ್ಪ ಹೊತ್ತು ಹಿಡಿಯಿತು.

ಡಿಗ್ರಿ ಓದುವಾಗ ನಾನು ಮೂರು ವರ್ಷ ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ. ನಾಲ್ಕು ನಿಮಿಷ ಮಾತು, ಎರಡು ನಿಮಿಷ ಖಂಡನೆ, ಎದುರಿನವರ ಮಾತಿನಲ್ಲಿ ಎಲ್ಲಿ ತೂತಿದೆಯೋ ಅಲ್ಲಿ ಬೆರಳಿಡುವುದು. ಅಪ್ಪ ಇದಕ್ಕೆ ಬಹಸ್ ಅನ್ನುತ್ತಾನೆ, ಬಿ.ಪಿ. ಎಂದು ರೋಗದ ಹೆಸರು ಹೇಳುವ ಧಾಟಿಯಲ್ಲಿ ಅನ್ನುತ್ತಾನೆ. ಓದು ಮುಗಿದು ಮಕ್ತಲದ ಮನೆಯಲ್ಲಿ ಸರ್ಕಾರಿ ನೌಕರಿಯ ಗ್ರೂಪ್ಸ್ ಪರೀಕ್ಷೆಗೆ ಓದುತ್ತ ಕೂತಿದ್ದೆ. ಅತ್ತೆಯ ಒಬ್ಬಳೇ ಮಗಳು ರಾಯಚೂರಿನ ಕಡೆ ಬಾಣಂತಿ. "ಪುಸ್ತಕ ಅಲ್ಲೂ ಓದಾಕ ಬರ್ತದ. ಆಕಿ ಜೋಡಿ ನಾಲ್ಕು ತಿಂಗಳು ಇರು," ಎಂದು ಅಪ್ಪ ನನ್ನನ್ನು ನಾರ್ವದ ಬಸ್ಸು ಹತ್ತಿಸಿದ.

ಅತ್ತೆಯ ಸಂಜೆಗಳು ಅಳತೆ ಮಾಡಿದಂತಿದ್ದವು. ದೀಪ ಹಚ್ಚಿದ ಮೇಲೆ ಶುಗರ್ ಗುಳಿಗೆ ನುಂಗುವಳು. ಬಾಗಿಲ ಪಕ್ಕದ ಗೂಡಿನಲ್ಲಿ ಸೇಂದಿ ಲೋಟ ಇಡುವಳು. ತಾಟಿನಲ್ಲಿ ತನ್ನ ರೊಟ್ಟಿ, ಪಲ್ಯ ಬಡಿಸಿಕೊಂಡು ಮೇಲೊಂದು ತಾಟು ಮುಚ್ಚಿ ಕೂರುವಳು. ಬನದ ಕಡೆಯ ಹಿತ್ತಲ ಬಾಗಿಲು ತೆರೆದೇ ಇರುತ್ತಿತ್ತು. ಹೊರಗೆ ಹಕ್ಕಿ ಅಡಗಿ ಬಾವಲಿ ಇನ್ನೂ ಏಳದ ಆ ನಡುವಿನ ಹೊತ್ತಿನಲ್ಲಿ, ಯಾರೋ ಎಸೆದ ಎಲೆಯ ಹಾಗೆ ಪಾತರಗಿತ್ತಿ ಒಳಗೆ ಬರುತ್ತಿತ್ತು. ದಿನಾ. ಗೋಡೆಗೆ ಒಮ್ಮೆ ಬಡಿದು ಲೋಟದ ಮೇಲೆ ಕೂರುತ್ತಿತ್ತು. ಅತ್ತೆ ಅದಕ್ಕೆ ಅಂದಿನ ಸುದ್ದಿ ಹೇಳುವಳು: ಯಾವ ಕುರಿ ಕುಂಟಿತು, ಯಾರು ಮಾತಾಡಿಸದೆ ಹೋದರು. ಆಮೇಲೆ ತಾಟು ತೆಗೆದು ಉಣ್ಣುವಳು.

ಮೂರನೇ ಸಂಜೆಗೆ ನನ್ನ ಬಾಯಿ ತಡೆಯಲಿಲ್ಲ.

"ಅತ್ತಿ, ಅದು ಸೇಂದಿಗೆ ಬರ್ತದ. ಈ ಜಾತಿ ಹೂವಿನ ಕಡೆ ಹಾಯೂದಿಲ್ಲ. ಕೊಳೆತ ಹಣ್ಣು, ಹುಳಿ ಬಂದ ರಸ, ಇದೇ ಅದರ ಊಟ. ಫೋನಿನ್ಯಾಗ ಓದೀನಿ."

"ನಿಮ್ಮ ಮಾವ ಮತ್ಯಾತಕ್ಕ ಹೊತ್ತಿಗೆ ಸರಿಯಾಗಿ ಮನಿಗೆ ಬರತಿದ್ರು ಅಂತ ತಿಳದಿ?"

ಮರುದಿನ ಅವಳಿಗೆ ಹೇಳದೆ ಲೋಟಕ್ಕೆ ಬರೀ ನೀರು ಹಾಕಿಟ್ಟೆ. ಪಾತರಗಿತ್ತಿ ಬಂತು, ಲೋಟದ ಹತ್ತಿರ ಹೋಗಿ ಗೋಡೆಗೆ ಸರಿಯಿತು. ನೋಡಿದ್ಯಾ ಅಂದೆ. ಅತ್ತೆ ಲೋಟ ಮೂಸಿದಳು. "ನೀರು ಕೊಟ್ಟರ ಅವರೂ ಮಾರಿ ತಿರುವತಿದ್ರು," ಎಂದು ಸೇಂದಿ ತರಲು ಎದ್ದಳು.

ಇಂಥ ಎದುರಾಳಿ ನನಗೆ ಎಲ್ಲೂ ಸಿಕ್ಕಿರಲಿಲ್ಲ. ನಾನು ತಂದ ಪ್ರತಿ ಪುರಾವೆಯನ್ನೂ ಅವಳು ಬೇಡ ಅನ್ನದೆ ತೆಗೆದುಕೊಂಡು ತನ್ನ ಕಡೆ ಇಟ್ಟುಕೊಳ್ಳುತ್ತಿದ್ದಳು. ಮಹಾನವಮಿ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ, ನನಗೆ ದೊಡ್ಡ ಪುರಾವೆ ಸಿಕ್ಕಿತು. ಸಂಜೆ ಬಚ್ಚಲ ಹಿಂದೆ ಹೋದಾಗ ಕಣ್ಣಿನ ಸಾಲಿದ್ದ ಒಂದು ಪಾತರಗಿತ್ತಿ ಹುಲ್ಲಿನ ಗರಿಗೆ ಹೊಟ್ಟೆ ಬಾಗಿಸಿ ಕೂತಿತ್ತು. ಅದು ಹಾರಿದ ಮೇಲೆ ಗರಿ ತಿರುಗಿಸಿ ನೋಡಿದೆ. ಐದು ತತ್ತಿ, ಸಾಲಾಗಿ, ನೀರಿನಿಂದ ಮಾಡಿದ ಮಣಿಗಳ ಹಾಗೆ.

ಒಳಗೆ ಬಂದು ಹೇಳಿದೆ: "ಅತ್ತಿ, ಅದು ಹೆಣ್ಣು. ತತ್ತಿ ಇಟ್ಟೈತಿ, ನಾ ಕಣ್ಣಾರೆ ನೋಡೀನಿ. ಈಗೇನಂತಿ?"

ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಹೆಣ್ಣಾಗಿ ಹುಟ್ಟಿದ್ರ ಛಲೋ ಆತು. ನನ್ನ ಪಾಡೇನಂತ ಗೊತ್ತಾಗಲಿ."

ಹೀಗೆ ಸೋತ ಸಿಟ್ಟಿಗೆ ಆ ತತ್ತಿಗಳನ್ನು ಸಾಕತೊಡಗಿದೆ. ಗರಿಯನ್ನು ಬುಡಸಮೇತ ಕಿತ್ತು ಗಾಜಿನ ಬರಣಿಯಲ್ಲಿಟ್ಟು, ಬಾಯಿಗೆ ಹಳೆಯ ಪಂಚೆಯ ಚೂರು ಕಟ್ಟಿದೆ. ಹುಳು, ಕೋಶ, ಪಾತರಗಿತ್ತಿ, ಎಲ್ಲವನ್ನೂ ಅವಳ ಕಣ್ಣೆದುರು ಮಾಡಿ ತೋರಿಸಿದರೆ ಯಾವ ಮೂಲೆಗೆ ಓಡುತ್ತಾಳೆ ನೋಡೋಣ ಎಂದು.

ನಾಲ್ಕನೇ ದಿನ ಮಣಿಗಳ ಒಳಗೆ ಒಂದೊಂದು ಕಪ್ಪು ತಲೆ ಕಂಡಿತು. ಹೊರಗೆ ಬಂದ ಹುಳುಗಳು ಮೊದಲು ತಮ್ಮ ತತ್ತಿಯ ಚಿಪ್ಪನ್ನೇ ತಿಂದವು. ಆಮೇಲೆ ಹುಲ್ಲಿನಷ್ಟೇ ಹಸಿರಾದವು, ಗರಿಯ ಕೆಳಮೈಗೆ ಉದ್ದಕ್ಕೆ ಅಂಟಿಕೊಂಡವು. ಹಗಲಿಡೀ ಬರಣಿ ಖಾಲಿ ಅನ್ನಿಸುತ್ತಿತ್ತು. ಸಂಜೆಗೆ ಕಿವಿ ಹಚ್ಚಿದರೆ ಗರಿ ಕತ್ತರಿಸುವ ಸಣ್ಣ ಸದ್ದು. ಒಂದು ದಿನ ಗರಿ ಎತ್ತಿ ನೋಡಿದವಳು ಬರಣಿಯನ್ನು ಕೈಬಿಡುವುದರಲ್ಲಿದ್ದೆ. ಹುಳುವಿಗೆ ಮುಖ ಬಂದಿತ್ತು. ಅಗಲ ಹಣೆ, ಕೆನ್ನೆಯುದ್ದಕ್ಕೆ ಗೆರೆ, ನೆತ್ತಿಯ ಮೇಲೆ ರೋಮ ತುಂಬಿದ ಎರಡು ಕೊಂಬು. ನನ್ನ ಕಿರುಬೆರಳ ಉಗುರಿಗಿಂತ ಚಿಕ್ಕ ಮುಖ, ಆದರೂ ಅದು ನೋಡುತ್ತಿದೆ ಅನ್ನಿಸುತ್ತಿತ್ತು. ಅತ್ತೆ ಬಗ್ಗಿ ನೋಡಿ, "ಬೀರಪ್ಪನ ಟಗರು ಇದ್ದಂಗೈತಿ," ಅಂದಳು, ಸಮಾಧಾನವಾಗಿ.

ಪೊರೆ ಕಳಚಿದಾಗಲೆಲ್ಲ ಆ ಮುಖವೂ ಕಳಚಿ ಬೀಳುತ್ತಿತ್ತು. ಬರಣಿಯ ತಳದಲ್ಲಿ ಕೊಂಬಿನ ಸಣ್ಣ ಮುಖವಾಡಗಳು, ಒಳಗೆ ಟೊಳ್ಳು. ನಾನು ಅವನ್ನು ಕಡ್ಡಿಪೆಟ್ಟಿಗೆಯಲ್ಲಿ ಚಿಕ್ಕದರಿಂದ ದೊಡ್ಡದರವರೆಗೆ ಜೋಡಿಸಿಟ್ಟೆ. ಒಂದೇ ಹುಳುವಿನ ಅಷ್ಟು ಮುಖಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು, ಹುಳು ಮಾತ್ರ ಮುಂದಿನ ಮುಖ ಹಾಕಿಕೊಂಡು ಮೇಯುತ್ತಿತ್ತು.

ಮೇವಿಗೆ ಬನದಂಚಿನ ಎಳೆ ಹುಲ್ಲು ಬೇಕಾಗುತ್ತಿತ್ತು. ಬರಿಗಾಲಲ್ಲಿ ಹೋಗುತ್ತಿದ್ದೆ. ಹೆಜ್ಜೆ ಇಟ್ಟಲ್ಲಿ ನಾಲ್ಕೈದು ತರಗೆಲೆ ಏಳುತ್ತಿದ್ದವು, ಎರಡು ಮಾರು ಹಾರಿ ಬೀಳುತ್ತಿದ್ದವು. ಬಿದ್ದ ಜಾಗವನ್ನೇ ನೋಡುತ್ತ ಹೋದರೆ ಅಲ್ಲಿ ಬರೀ ಎಲೆ. ಯಾವುದು ಎಲೆ, ಯಾವುದು ಅಲ್ಲ, ನಿಂತು ದಿಟ್ಟಿಸಿದರೂ ಗೊತ್ತಾಗದು. ಮಾವ ಕೂತಿದ್ದ ಹೊಂಗೆಯ ಬುಡದಲ್ಲೇ ಅವು ಹೆಚ್ಚು. ಮರದ ಗಾಯದಿಂದ ರಸ ಸೋರುತ್ತದೆ, ರಸಕ್ಕೆ ಬರುತ್ತವೆ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಕಾರಣ ಸರಿಯಾಗಿತ್ತು. ಆದರೂ ಹುಲ್ಲು ಕಿತ್ತ ಮೇಲೆ ನಾನು ಆ ಮರಕ್ಕೆ ಬೆನ್ನು ಮಾಡದೆ ಹಿಂದಹಿಂದಕ್ಕೆ ನಡೆದು ಬರುತ್ತಿದ್ದೆ.

ಮಳೆ ನಿಂತು ರಾತ್ರಿಗಳು ತಣ್ಣಗಾಗತೊಡಗಿದವು. ಐದು ಹುಳುಗಳಲ್ಲಿ ಎರಡು ಉಳಿದವು. ದೀಪಾವಳಿಯ ಹೊತ್ತಿಗೆ ಅವು ಗರಿಗೆ ತಲೆಕೆಳಗಾಗಿ ತೂಗಿ, ಕಡೆಯ ಮುಖವನ್ನೂ ಕಳಚಿ, ಹಸಿರು ಕೋಶವಾದವು. ಮುಖವಿಲ್ಲ, ಕಾಲಿಲ್ಲ. ಮುಟ್ಟಿದರೆ ಒಮ್ಮೆ ಹೊರಳುತ್ತಿದ್ದವು, ಅಷ್ಟೇ.

ಅದಾದ ವಾರಕ್ಕೆ ಚಳಿ ಬಲಿಯಿತು. ಒಂದು ಸಂಜೆ ಯಾವುದೂ ಬರದೆ ದೀಪ ಹಚ್ಚಿ ಬಹಳ ಹೊತ್ತಾಯಿತು. ಕಡೆಗೊಂದು ಬಂತು, ಲೋಟದ ಮೇಲೆ ಕೂತಿತು. ಅತ್ತೆ ಸುದ್ದಿ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ದೀಪ ಹತ್ತಿರ ಹಿಡಿದಳು.

ಕಣ್ಣಿರಲಿಲ್ಲ. ಮುಚ್ಚಿದ ರೆಕ್ಕೆ ಪೂರ್ತಿ ಒಣಗಿದ ಎಲೆ, ಅಂಚು ಹರಿದಂತೆ, ನಡುವೆ ಎಲೆಯ ನರದಂಥ ಗೆರೆ. ಕಣ್ಣುಗಳ ಸಾಲಿದ್ದ ಕಡೆ ಧೂಳಿನಂಥ ಚುಕ್ಕೆಗಳು ಮಾತ್ರ.

"ಇದು ಅವರಲ್ಲ," ಅಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗದೆ ಅದನ್ನೇ ಕೇಳಿದಳು: "ಯಾರ ನೀ?"

ಅದು ಉತ್ತರ ಕೊಟ್ಟೀತು ಅನ್ನುವ ಹಾಗೆ ಕಾದಳು. ಹಾಗೆ ಕಾಯುವುದನ್ನು ನಿಲ್ಲಿಸಬೇಕಾಗಿತ್ತು, ನಿಲ್ಲಿಸಲು ನನ್ನ ಹತ್ತಿರ ವಾದ ಇತ್ತು.

"ಅತ್ತಿ, ಇದು ಬ್ಯಾರೆ ಜಾತಿ. ಮೊದಲಿಂದು ಮಳಿಗಾಲದ್ದು, ಅದರ ಕಾಲ ಮುಗೀತು. ಇದು ಚಳಿಗಾಲದ್ದು, ಈಗ ಬಂದೈತಿ. ಎರಡಕ್ಕೂ ಸಂಬಂಧಿಲ್ಲ. ಅಂದ ಮ್ಯಾಲೆ ಇಷ್ಟು ದಿನಾ ಬಂದದ್ದು ಮಾವ ಹೆಂಗ ಆಗತಾರ?"

"ಮೊದಲಿಂದು ಹೋತಂತಿ."

"ಹೋತು."

"ಇನ್ನ ಬರೂದಿಲ್ಲ."

"ಇಲ್ಲ."

ಅವಳು ದೀಪ ಕೆಳಗಿಟ್ಟಳು. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಮಾತಿಗೆ ಮರುಮಾತು ಬರಲಿಲ್ಲ. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಅತ್ತೆ ಮುಚ್ಚಿದ ತಾಟನ್ನು ಹಾಗೇ ಎತ್ತಿ ಒಲೆಯ ಪಕ್ಕ ಇಟ್ಟು ಮಲಗಲು ಹೋದಳು. ಗುಳಿಗೆ ಆಗಲೇ ಹೊಟ್ಟೆಯಲ್ಲಿತ್ತು.

ಎರಡನೇ ಸಂಜೆಯೂ ಕಣ್ಣಿಲ್ಲದ್ದೇ ಬಂತು. ಅತ್ತೆ ಅದನ್ನು ಸೆರಗಿನಿಂದ ಓಡಿಸಿ ಹಿತ್ತಲ ಬಾಗಿಲು ಹಾಕಿದಳು. ಉಣ್ಣಲಿಲ್ಲ. ಹಣೆ ಬೆವರಿತ್ತು, ಒಲೆಯ ಕಾವು ಅಂದುಕೊಂಡೆ. ಮೂರನೇ ಸಂಜೆ ತಾಟಿನ ಎದುರು ಕೂತವಳು ಗೋಡೆಗೆ ಜಾರಿದಳು. ಮೈ ಒದ್ದೆ, ಕೈ ನಡುಕ, ಮಾತು ತೊದಲು. ಎಚ್ಚರ ಪೂರ್ತಿ ತಪ್ಪಿರಲಿಲ್ಲ. ಬೆಲ್ಲದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆ. ಪಕ್ಕದ ಮನೆಯವರ ಆಟೋದಲ್ಲಿ ಮಕ್ತಲದ ದವಾಖಾನೆಗೆ ಹೋದೆವು. ಸಲೈನು ಹಾಕಿದ ಡಾಕ್ಟರು ನೇರವಾಗಿ ಹೇಳಿದರು: "ಗುಳಿಗಿ ನುಂಗಿ ಉಪವಾಸ ಮಲಗಿದ್ರ ಒಂದಿನ ಏಳೂದಿಲ್ಲ. ಗುಳಿಗಿ ಬಿಟ್ಟರೂ ಶುಗರ್ ಬಿಡೂದಿಲ್ಲ. ರಾತ್ರಿ ಊಟ ಬೇಕೇ ಬೇಕು."

ವರಾಂಡದಲ್ಲಿ ಅಪ್ಪ ಕೇಳಿದ. "ಆಕಿಗೆ ಏನಂದಿ?"

ಹೇಳಿದೆ.

"ಬಹಸ್ ಗೆದ್ದಿಯಲ್ಲ," ಅಂದ ಅಪ್ಪ. "ಈಗ ಊಟಾ ಮಾಡಸು."

ಅತ್ತೆ ಹಟಮಾರಿಯಂತೆ ಮಾತಾಡಲಿಲ್ಲ. ದಣಿದವಳ ಹಾಗೆ, ಗೊತ್ತಿರುವುದನ್ನು ಹೇಳುವ ಹಾಗೆ ಹೇಳಿದಳು: ಬೀರಪ್ಪನ ಮುಂದೆ ಕೊಟ್ಟ ಮಾತು, ಅವರು ಉಣ್ಣದೆ ತಾನು ಉಣ್ಣುವ ಹಾಗಿಲ್ಲ. ಬೀರಪ್ಪನ ಪೂಜಾರಿಯನ್ನು ಅಪ್ಪ ಕರೆತಂದ. ಸತ್ತವರಿಗೆ ಕೊಟ್ಟ ಮಾತನ್ನು ಬಿಡಿಸುವವರೂ ಅವರೇ, ನಾನಲ್ಲ ಅಂದರು ಪೂಜಾರಿ. ಹೊತ್ತು ಮುಳುಗುವ ಮೊದಲೇ ಉಂಡುಬಿಡು, ಆಗ ರಾತ್ರಿ ಊಟ ಅಲ್ಲವಲ್ಲ ಎಂದು ಅಪ್ಪ ಉಪಾಯ ಹೂಡಿದ. "ಅವರಿಗೆ ಮೋಸ ಮಾಡಾಕ ಹೇಳ್ತೀಯೇನು ತಮ್ಮಾ?" ಅಂದಳು. ಹಾಲು ಊಟ ಅಲ್ಲ ಎಂದು ಮಾತ್ರ ಒಪ್ಪಿದಳು. ಡಾಕ್ಟರು ಗುಳಿಗೆ ಕಡಿಮೆ ಮಾಡಿ, ಇದು ಕೆಲವೇ ದಿನದ ಮಾತು ಎಂದು ಎಚ್ಚರಿಸಿ ಮನೆಗೆ ಕಳಿಸಿದರು. ಅಪ್ಪ ಅವಳ ಹತ್ತಿರ ಕೂತ. ನಾನು ಗದ್ವಾಲದ ಬಸ್ಸು ಹತ್ತಿದೆ.

ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾಗಿ ಹೋಗುವಾಗ, ಕೆಳಗಿನ ಕೃಷ್ಣೆಯ ನೀರು ನೋಡುತ್ತ ನನ್ನ ವಾದವನ್ನು ಎದುರು ತಂಡದವಳಾಗಿ ಕೇಳಿಕೊಂಡೆ. ಬೇರೆ ಜಾತಿ ಎನ್ನಲು ಪುರಾವೆ ಏನು? ಕಣ್ಣಿಲ್ಲ. ಇನ್ನೇನು? ಇನ್ನೇನೂ ಇಲ್ಲ. ಫೋನಿನಲ್ಲಿ ಓದಿದ್ದೆನೇ? ಇಲ್ಲ, ಅಂದು ಬಾಯಿಗೆ ಬಂದದ್ದನ್ನು ಓದಿದವಳ ಧಾಟಿಯಲ್ಲಿ ಹೇಳಿದ್ದೆ.

ಇಂಟರ್‌ನಲ್ಲಿ ಅಂದರೆ ಪಿಯುಸಿಯಲ್ಲಿ ನನಗೆ ಜುವಾಲಜಿ ಹೇಳಿದ ಮೇಡಂ ಗದ್ವಾಲದಲ್ಲಿದ್ದರು. ಕೋಟೆಯ ಹತ್ತಿರ ಮನೆ. ನಾನು ಫೋನಿನಲ್ಲಿ ತೆಗೆದಿದ್ದ ಎರಡೂ ಬಗೆಯ ಫೋಟೋಗಳನ್ನು ಒಂದೊಂದಾಗಿ ಸರಿಸಿ ನೋಡಿದರು.

"ಎಲ್ಲಾದರಾಗೂ ರೆಕ್ಕಿ ಮುಚ್ಚೇ ಐತಲ್ಲಮ್ಮ. ತೆರೆದದ್ದು ಎಲ್ಲಿ?"

"ಅದು ಕೂತಾಗ ತೆರೆಯೂದೇ ಇಲ್ರಿ ಮೇಡಂ."

"ಮತ್ತ ಬ್ಯಾರೆ ಜಾತಿ ಅಂತ ಹೆಂಗ ಹೇಳಿದಿ? ಕುರುಬ ಮಳ್ಯಾಗ ಕಂಬಳಿ ಹೊದಕೋತಾನ, ಬಿಸಿಲಾಗ ತೆಗೀತಾನ. ಇಬ್ಬರು ಕುರುಬರು ಅಂತ ಬರಕೋತಿಯೇನು?"

ಹೆಸರು ಹೇಳಿದರು: ಕಾಮನ್ ಈವ್ನಿಂಗ್ ಬ್ರೌನ್. ಮರದ ನೆರಳು, ಹುಲ್ಲು ಎರಡೂ ಇರುವ ಕಡೆ ಇರುತ್ತದೆ, ಸಂಜೆ ಏಳುತ್ತದೆ. ಮಳೆಗಾಲದಲ್ಲಿ ರೆಕ್ಕೆಯ ಅಂಚಿನ ಕಣ್ಣು ಕಾಯುತ್ತದೆ. ಹಲ್ಲಿ, ಹಕ್ಕಿ ಮೈ ಬಿಟ್ಟು ಕಣ್ಣಿಗೆ ಕುಕ್ಕುತ್ತವೆ, ರೆಕ್ಕೆಯ ಚೂರು ಹೋದರೂ ಜೀವ ಉಳಿಯುತ್ತದೆ. ಎಲೆ ಉದುರುವ ಕಾಲದಲ್ಲಿ ಒಣ ಎಲೆಗಳ ನಡುವೆ ಅದೇ ಕಣ್ಣು ಹಿಡಿದುಕೊಡುತ್ತದೆ. ಹುಳುವಾಗಿದ್ದಾಗ ಚಳಿ ತಾಗಿದರೆ ಕಣ್ಣಿಲ್ಲದ ರೆಕ್ಕೆ ಬರುತ್ತದೆ.

"ಎರಡೂ ಒಂದೇ ಇರಬೇಕು. ಆದ್ರ ಮುಚ್ಚಿದ ರೆಕ್ಕಿ ನೋಡಿ ನಾ ಆಣಿ ಮಾಡೂದಿಲ್ಲ. ಬರಣ್ಯಾಗ ಎರಡು ಕೋಶ ಅವ ಅಂದಿ. ತಾಯಿಗೆ ಕಣ್ಣಿತ್ತು ಅನ್ನೂದು ಖರೇನಾ?"

"ಖರೇರಿ."

"ಹೋಗಿ ಚೂಡು. ತರ್ವಾತ ಮಾಟ್ಲಾಡು."

ತೆಲುಗಿನ ಮಾತು: ನೋಡು, ಆಮೇಲೆ ಮಾತಾಡು. ಮೂರು ವರ್ಷದ ಡಿಬೇಟಿನಲ್ಲಿ ಯಾರೂ ಈ ಕ್ರಮದಲ್ಲಿ ಹೇಳಿರಲಿಲ್ಲ.

ಹಿಂದಿರುಗಿದಾಗ ಒಂದು ಕೋಶ ಕಪ್ಪಾಗಿತ್ತು. ತೆಳ್ಳಗಿನ ಗೋಡೆಯ ಒಳಗೆ ಮಡಚಿಟ್ಟ ರೆಕ್ಕೆ ಕಾಣುತ್ತಿತ್ತು, ಬಟ್ಟೆಯಲ್ಲಿ ಸುತ್ತಿದ ಏನೋ ಒಂದರ ಹಾಗೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಬರಣಿಯ ಹತ್ತಿರ ಹೋದೆ. ಕೋಶ ಸೀಳಿ ಟೊಳ್ಳಾಗಿತ್ತು. ಪಕ್ಕದ ಕಡ್ಡಿಗೆ ಅದು ತೂಗಿಕೊಂಡಿತ್ತು. ರೆಕ್ಕೆ ಆಗಲೇ ಒಣಗಿ ಮುಚ್ಚಿತ್ತು. ಒಣ ಎಲೆ. ಕಣ್ಣಿಲ್ಲ.

ಕಣ್ಣಿದ್ದ ತಾಯಿ ಇಟ್ಟ ತತ್ತಿ ಅದು, ನಾನೇ ನೋಡಿದ್ದೆ, ನಾನೇ ಸಾಕಿದ್ದೆ. ಎರಡಕ್ಕೂ ಸಂಬಂಧವಿಲ್ಲ ಎಂದವಳೂ ನಾನೇ.

ಒಂದೇ ಜಾತಿ ಎಂದಷ್ಟು ಹೇಳಿ ನಿಲ್ಲಿಸಬಹುದಿತ್ತು. ಅವರೇ ಬರುತ್ತಾರೆ, ಅಂಗಿ ಬದಲಿಸಿದ್ದಾರೆ ಎಂದು ಅತ್ತೆ ಅಂದುಕೊಂಡು ಉಣ್ಣುವಳು. ಆದರೆ ಒಂದು ಪಾತರಗಿತ್ತಿ ಶ್ರಾವಣದಿಂದ ಕಾರ್ತೀಕದವರೆಗೆ ಬದುಕುವುದಿಲ್ಲ. ಒಂಬತ್ತನೇ ದಿನ ಎಡೆ ಮುಟ್ಟಿದ್ದು ಯಾವ ಕಾಲದಲ್ಲೋ ಸತ್ತಿತ್ತು. ಪೂರ್ತಿ ಹೇಳಿದರೆ ಅವಳ ಮಾತಿಗೆ ಹಿಡಿಯಲು ಏನೂ ಉಳಿಯದೆ, ಹಾಲನ್ನೂ ಬಿಟ್ಟರೆ? ಅರ್ಧ ದಿನ ತೂಗಿದೆ. ಹಿಂದಿನ ಸಲ ಅರ್ಧ ಗೊತ್ತಿದ್ದದ್ದನ್ನು ಪೂರ್ತಿ ಎಂದು ಹೇಳಿಯೇ ಅವಳನ್ನು ಗೋಡೆಗೆ ಜಾರಿಸಿದ್ದೆ. ಇನ್ನೊಮ್ಮೆ ಅದನ್ನು ಮಾಡುವ ಧೈರ್ಯ ಬರಲಿಲ್ಲ.

ಮಂಚದ ಹತ್ತಿರ ಹೋಗಿ ಕೂತೆ. "ಅತ್ತಿ, ನಾ ಹೇಳಿದ್ದು ತಪ್ಪಿತ್ತು."

"ಯಾವುದು? ಭಾಳ ಹೇಳಿದಿ ನೀ."

ಬರಣಿ ತೋರಿಸಿದೆ. ಎರಡನೇ ಕೋಶವೂ ಕಪ್ಪಾಗಿತ್ತು. ಮರುದಿನ ಬೆಳಗಾಗುತ್ತಲೇ ಅವಳು ಮಂಚದ ಮೇಲೆ ಎದ್ದು ಕೂತು ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕೋಶದ ತುದಿ ಬಿರಿಯಿತು. ಮೊದಲು ಕಾಲುಗಳು ಬಂದವು, ಏನನ್ನೋ ತಡಕುವ ಹಾಗೆ. ಆಮೇಲೆ ಒದ್ದೆ ಮೈ, ಮುದ್ದೆಯಾದ ರೆಕ್ಕೆ. ಅದು ಕಡ್ಡಿ ಹಿಡಿದು ತೂಗಿತು. ರೆಕ್ಕೆ ನೀರಿಳಿದ ಬಟ್ಟೆಯಂತೆ ಕೆಳಗೆ ಉದ್ದವಾಗುತ್ತ ಹೋಯಿತು. ಹೊರಮೈಯಲ್ಲಿ ಕಣ್ಣಿರಲಿಲ್ಲ. ಅತ್ತೆ ಉಸಿರುಬಿಟ್ಟು ಬರಣಿ ಕೆಳಗಿಡಲು ಹೋದಳು.

ಆಗ ಅದು ಒಮ್ಮೆ ರೆಕ್ಕೆ ಅಗಲಿಸಿತು. ಮುಂದಿನ ಎರಡೂ ರೆಕ್ಕೆಗಳ ಒಳಗೆ, ತುದಿಯ ಹತ್ತಿರ, ಒಂದೊಂದು ದೊಡ್ಡ ಕಪ್ಪು ಕಣ್ಣು. ಅದರಲ್ಲಿ ಎರಡೆರಡು ಬಿಳಿ ಚುಕ್ಕೆ, ಬದಿಗೆ ಕೆಂಡದ ಬಣ್ಣ. ಮುಚ್ಚಿಕೊಂಡಿತು.

"ಒಳಗ ಐತಿ," ಅಂದಳು ಅತ್ತೆ, ಬಹಳ ಮೆಲ್ಲಗೆ.

"ಮೊದಲಿನವಕ್ಕೂ ಒಳಗಿತ್ತು, ಅತ್ತಿ. ಫೋನಿನ್ಯಾಗ ಬ್ಯಾರೇವರು ಹಾಕಿದ ಫೋಟೋದಾಗ ತೆರೆದದ್ದು ನೋಡೀನಿ. ಒಂದೇ ಜಾತಿ."

"ಹಂಗಾದ್ರ ಅವರೇ."

ಇಲ್ಲಿ ನಾನು ಸುಮ್ಮನಾಗಬಹುದಿತ್ತು. "ಇವು ಭಾಳ ದಿನ ಬದಕೂದಿಲ್ಲ ಅತ್ತಿ. ಮಳಿಗಾಲದ್ದು ಕೆಲವು ವಾರ ಅಷ್ಟ. ಎಡಿ ಮುಟ್ಟಿದ್ದು ಆವಾಗಲೇ ಹೋಗಿರ್ತದ. ಆಮ್ಯಾಲೆ ಬಂದವು ಅದರ ಮಕ್ಕಳು, ಇಲ್ಲ ಬನದಾಗಿನ ಬ್ಯಾರೇವು. ದಿನಾ ಒಂದೇ ಬಂದಿರೂದಿಲ್ಲ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಮಧ್ಯಾಹ್ನದ ರೊಟ್ಟಿಯಲ್ಲಿ ಅರ್ಧ ಬಿಟ್ಟಳು, ಸಂಜೆಗೆ ತಂದ ಹಾಲನ್ನು ಕೈಯಿಂದ ಸರಿಸಿದಳು. ಬರಣಿಯ ಎರಡು ಪಾತರಗಿತ್ತಿಗಳೂ ಅಲುಗದೆ ಎಲೆಗಳಾಗಿ ಕೂತಿದ್ದವು. ನಾನು ಆಟೋದವರ ನಂಬರು ಎದುರಿಗಿಟ್ಟುಕೊಂಡು ಕೂತೆ.

ದೀಪ ಹಚ್ಚುವ ಹೊತ್ತಿಗೆ ಅವಳು ಎದ್ದಳು. ಹಿತ್ತಲ ಬಾಗಿಲ ಅಗಳಿ ತೆಗೆದಳು. ಗೂಡಿನ ಲೋಟ ತೊಳೆದು ಸೇಂದಿ ಹಾಕಿದಳು, ಬರಣಿಯ ಬಾಯಿಯ ಬಟ್ಟೆ ಬಿಚ್ಚಿದಳು. ತಾಟು ಬಡಿಸಿಕೊಂಡು ಮುಚ್ಚಿ, ನನ್ನೆದುರು ಕೂತಳು.

"ಶ್ರಾವಣದಿಂದ ಬಂದದ್ದು ಒಂದಲ್ಲ ಅಂದಿ."

"ಒಂದಲ್ಲ."

"ನಾ ಗೊತ್ತಿಲ್ಲದ ಯಾವ್ಯಾವುದರ ಹಿಂದೋ ಉಂಡೆ. ಬೀರಪ್ಪ ಏನಾರ ಅಂದನೇನು?"

"ಇಲ್ಲ."

"ಕುರಿ ಸತ್ತವೇನು? ಮಗಳಿಗೆ ಏನಾರ ಆತೇನು?"

"ಇಲ್ಲ ಅತ್ತಿ."

"ಅಂದ ಮ್ಯಾಲೆ ಆವಾಗ ಮಾತು ಮುರದಿಲ್ಲ. ಈಗ ಹೆಂಗ ಮುರೀತದ, ಹೇಳು."

ಬೆರಳಿಡಲು ತೂತು ಹುಡುಕಿದೆ. ಆಧಾರ ಕೊಟ್ಟವಳು ನಾನು. ಅವಳು ಅದರ ಮೇಲೆ ನಡೆದು ಹೋಗಿದ್ದಳು. ಮಾವ ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ಈ ಸಲ ಅವಳು ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ.

"ಮುರಿಯೂದಿಲ್ಲ," ಅಂದೆ.

ಹೊರಗೆ ಬೆಳಕು ಇನ್ನೊಂದಿಷ್ಟು ಇಳಿಯಿತು. ಬನದ ಕಡೆಯಿಂದ ಒಂದು ಬಂದು ಲೋಟದ ಮೇಲೆ ಕೂತಿತು. ಬರಣಿಯ ಎರಡೂ ಎದ್ದವು, ಒಂದು ಹೊರಗೆ ಹೋಯಿತು, ಒಂದು ಲೋಟಕ್ಕೆ ಬಂತು. ಆಮೇಲೆ ಗೂಡಿನ ಮೇಲಿನ ಗೋಡೆಯಲ್ಲಿ, ನಾನು ಮಣ್ಣಿನ ಕಲೆ ಅಂದುಕೊಂಡಿದ್ದ ಕಡೆ, ಏನೋ ಅಲುಗಿತು. ಕಲೆ ಗೋಡೆ ಬಿಟ್ಟು ಹಾರಿತು. ಅದರ ಪಕ್ಕದ್ದೂ ಹಾರಿತು. ತೊಲೆಯ ಸಂದಿನಿಂದ ಇನ್ನೊಂದು ಇಳಿಯಿತು. ಬಾಗಿಲು ಹಾಕಿದ್ದ ಸಂಜೆಗಳಲ್ಲೂ ಅವು ಒಳಗೇ ಇದ್ದವು. ಅವಳು ಹಸಿದು ಕೂತದ್ದು, ನಾನು ಒಲೆಯ ಕಾವು ಅಂದುಕೊಂಡದ್ದು, ಎಲ್ಲ ಅವುಗಳ ಕೆಳಗೇ ನಡೆದಿತ್ತು.

"ಇವು ಎಷ್ಟು ದಿನದಿಂದ ಅವ ಇಲ್ಲಿ?" ಎಂದು ಅತ್ತೆ ಕೇಳಿದಳು.

"ಗೊತ್ತಿಲ್ಲ ಅತ್ತಿ."

ಅವಳು ಕೈ ತೊಳೆದಳು. ಮೇಲಿನ ತಾಟು ತೆಗೆದು, ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ಒಂದು ರೊಟ್ಟಿ ಮುಗಿದ ಮೇಲೆ ನನ್ನ ಕಡೆ ನೋಡದೆ ತಾಟು ಮುಂದೆ ಸರಿಸಿದಳು. ಇನ್ನೊಂದು ರೊಟ್ಟಿಯನ್ನು ಎರಡು ಹೋಳು ಮಾಡಿ ಹಾಕಿದೆ. ಲೋಟದ ಅಂಚಿನಲ್ಲಿ ಅಷ್ಟರಲ್ಲಿ ಜಾಗವೇ ಉಳಿದಿರಲಿಲ್ಲ.